ವಾಕ್ಪಾರುಷ್ಯ ಮತ್ತು ಅಂತರ್ಜಾಲದ ಪೀಡೆ: ಗುರ್ಜರ-ಕರ್ಣಾಟಕ ನ್ಯಾಯಪರಂಪರೆಯ ಹಿನ್ನೆಲೆಯಲ್ಲಿ

ಅಂತರ್ಜಾಲದ ಮೂಲಕ ಒಬ್ಬ ವ್ಯಕ್ತಿಯನ್ನು ಹೀಯಾಳಿಸಿ, ಬೆದರಿಸಿ, ನಾಲ್ವರ ನಡುವೆ ತಲೆಯೆತ್ತದಂತೆ ಮಾಡುವ ಅಪರಾಧವನ್ನು ಕುರಿತು ಈಚೆಗೆ ಪ್ರಕಟವಾಗುತ್ತಿರುವ ಬರೆಹಗಳಲ್ಲಿ ಒಂದು ಅಭಿಪ್ರಾಯವು ಮತ್ತೆ ಮತ್ತೆ ಕಾಣಬರುತ್ತದೆ. ಇದು ನಮ್ಮ ಕಾಲದ ಯಂತ್ರಗಳೊಡನೆಯೇ ಹುಟ್ಟಿದ ಪೀಡೆ, ಹಳೆಯ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಮದ್ದಿಲ್ಲ ಎಂಬುದೇ ಆ ಅಭಿಪ್ರಾಯ. ಇದರ ಪೂರ್ವಾರ್ಧದಲ್ಲಿ ಸ್ವಲ್ಪ ಸತ್ಯಾಂಶವುಂಟು. ಉತ್ತರಾರ್ಧವನ್ನು ಮಾತ್ರ ಪರೀಕ್ಷಿಸದೆ ಒಪ್ಪಲಾಗದು. ಈ ಹೆಸರಿನ ಅಪರಾಧವೊಂದು ನಮ್ಮ ದೇಶದ ದಂಡಸಂಹಿತೆಯಲ್ಲಿ ಇಂದಿಗೂ ಇಲ್ಲವೆಂಬುದು ನಿಜ. ಆದರೆ ಮಾತಿನಿಂದ ಮನುಷ್ಯನನ್ನು ಹಿಂಸಿಸುವುದನ್ನು ನ್ಯಾಯಸ್ಥಾನಕ್ಕೆ ತರಬೇಕೆ, ತಂದರೆ ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಎದುರಿಸಿದ್ದರು. ಅವರ ಉತ್ತರಗಳಲ್ಲಿ ಕೆಲವು ತ್ಯಾಜ್ಯ, ಕೆಲವು ಗ್ರಾಹ್ಯ. ಅವನ್ನು ವಿಂಗಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಚಾರದಲ್ಲಿ ವಿಶೇಷವಾದ ಒಂದು ಅನುಕೂಲವುಂಟು. ಹಿಂದೂ ವ್ಯವಹಾರಶಾಸ್ತ್ರದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ ಮಿತಾಕ್ಷರೆಯು ಕರ್ಣಾಟಕದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126), ವಿಜ್ಞಾನೇಶ್ವರನಿಂದ ರಚಿತವಾಯಿತು. ಮಿತಾಕ್ಷರೆಗಿಂತ ನೀಲಕಂಠಭಟ್ಟನ ವ್ಯವಹಾರಮಯೂಖಕ್ಕೆ ಹೆಚ್ಚಿನ ಮನ್ನಣೆ ದೊರೆತ ಕೆಲವೇ ಪ್ರದೇಶಗಳಲ್ಲಿ ಗುಜರಾತು ಮುಖ್ಯವಾದುದು; ಆ ಮಯೂಖದ ಮೊದಲ ಆಂಗ್ಲ ಅನುವಾದವು ಬಾರಡೇಲನಿಂದ ಸಿದ್ಧವಾಗಿ 1827ರಲ್ಲಿ ಅಚ್ಚಾದದ್ದು ಸೂರತ್ತಿನಲ್ಲಿಯೇ. ಎರಡು ಪ್ರಮಾಣಗ್ರಂಥಗಳ ಗಡಿಯ ಮೇಲೆ ನಾವು ವಾಸಿಸುತ್ತಿದ್ದೇವೆ ಎಂದರೆ ತಪ್ಪಾಗದು. ಎರಡರಲ್ಲಿಯೂ ವಾಕ್ಪಾರುಷ್ಯಕ್ಕೆ ಬೇರೆಯದೇ ಪ್ರಕರಣವುಂಟು.

ಮೊದಲು ಕೌಟಿಲ್ಯನನ್ನು ನೋಡಬಹುದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಕ್ಪಾರುಷ್ಯವನ್ನು ನಿಂದೆ, ಕುತ್ಸನ, ಬೆದರಿಕೆ ಎಂದು ಮೂರಾಗಿ ವಿಭಾಗಿಸಿದೆ. ದೇಹ, ಸ್ವಭಾವ, ವಿದ್ಯೆ, ವೃತ್ತಿ, ದೇಶ ಇವು ನಿಂದೆಗೆ ಗುರಿಯಾಗುವ ಐದು ವಿಷಯಗಳು. ಕುರುಡನನ್ನೋ ಕುಂಟನನ್ನೋ ಇದ್ದಂತೆಯೇ ಕರೆದು ಹಳಿದರೆ ಮೂರು ಪಣ ದಂಡ. ಇಲ್ಲದ ಊನವನ್ನು ಆರೋಪಿಸಿದರೆ ಆರು. ‘ಎಂಥ ಚೆಲುವಾದ ಕಣ್ಣು’ ಎಂದು ಅವನನ್ನು ಹೊಗಳಿ ಅಣಕಿಸಿದರೆ ಹನ್ನೆರಡು. ಈ ಏರಿಕೆಯ ಕ್ರಮವು ಗಮನಾರ್ಹವಾದುದು. ಸುಳ್ಳಿಗಿಂತ ವ್ಯಂಗ್ಯಸ್ತುತಿಗೆ ಇಮ್ಮಡಿ ದಂಡವೇಕೆ? ಸುಳ್ಳನ್ನು ಅಲ್ಲಗಳೆಯಬಹುದು, ಹೊಗಳಿಕೆಯನ್ನು ಅಲ್ಲಗಳೆಯಲು ಹೋದವನು ಮತ್ತಷ್ಟು ನಗೆಗೀಡಾಗುತ್ತಾನೆ. ಇಂದಿನ ಅಂತರ್ಜಾಲದ ಹೀಯಾಳಿಕೆಯಲ್ಲಿ ಬೈಗುಳಕ್ಕಿಂತ ಹೆಚ್ಚಾಗಿ ಕಾಣುವುದು ಈ ಬಗೆಯ ಸ್ತುತಿನಿಂದೆಯೇ ಎಂಬುದನ್ನು ಬಲ್ಲವರು ಬಲ್ಲರು.

ಯಾಜ್ಞವಲ್ಕ್ಯನು ಇವು ಮೂರಕ್ಕೂ ಒಂದೇ ದಂಡವನ್ನು, ಎಂದರೆ ಹನ್ನೆರಡೂವರೆ ಪಣವನ್ನು ವಿಧಿಸುತ್ತಾನೆ. ಇದಕ್ಕೆ ವಿಜ್ಞಾನೇಶ್ವರನು ಕೊಡುವ ಉದಾಹರಣೆಗಳು ನಿಚ್ಚಳವಾಗಿವೆ: ಕಣ್ಣಿಲ್ಲದವನನ್ನು ಕುರುಡನೆನ್ನುವುದು ಸತ್ಯ, ಕಣ್ಣುಳ್ಳವನನ್ನು ಹಾಗೆನ್ನುವುದು ಅಸತ್ಯ, ವಿಕಾರರೂಪಿಯನ್ನು ಸುಂದರನೆನ್ನುವುದು ಅನ್ಯಥಾಸ್ತೋತ್ರ. ಇಲ್ಲಿ ನ್ಯಾಯದ ದೃಷ್ಟಿಯಿಂದ ಮುಖ್ಯವಾದ ಸಂಗತಿಯೆಂದರೆ, ಆಡಿದ್ದು ನಿಜವೆಂಬುದು ಬಿಡುಗಡೆಗೆ ಕಾರಣವಾಗುವುದಿಲ್ಲ. ಮಾತು ಸತ್ಯವೋ ಮಿಥ್ಯವೋ ಎಂಬುದಕ್ಕಿಂತ, ಅದನ್ನು ಯಾರ ಮೇಲೆ ಯಾವ ಕೆಲಸಕ್ಕಾಗಿ ಪ್ರಯೋಗಿಸಲಾಯಿತು ಎಂಬುದನ್ನು ಶಾಸ್ತ್ರಕಾರರು ವಿಚಾರಿಸಿದ್ದಾರೆ.

ಬೆದರಿಕೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ವಿವೇಚನೆಯುಂಟು. ಕೈ ಮುರಿಯುತ್ತೇನೆ, ಕಣ್ಣು ಕೀಳುತ್ತೇನೆ ಎಂದವನಿಗೆ ನೂರು ಪಣ. ಆದರೆ ಹಾಗೆ ಮಾಡುವ ಶಕ್ತಿಯೇ ಇಲ್ಲದ ಅಶಕ್ತನು ಆಡಿದರೆ ಹತ್ತೇ ಪಣ. ಶಕ್ತನು ಆಡಿದರೆ ದಂಡ ತೆತ್ತರೆ ಮಾತ್ರ ಸಾಲದು, ಬೆದರಿಕೆಗೆ ಗುರಿಯಾದವನ ಕ್ಷೇಮಕ್ಕೆ ಜಾಮೀನುದಾರನನ್ನೂ ಒದಗಿಸಬೇಕು. ಬ್ಯಾಂಕಿನ ಉದ್ಯೋಗಿಯಾದ ನನಗೆ ಈ ಜಾಮೀನಿನ ವಿಧಿಯು ವಿಶೇಷವಾಗಿ ಹಿಡಿಸಿದೆ. ಆದದ್ದಕ್ಕೆ ಶಿಕ್ಷೆ, ಮುಂದಾಗದಂತೆ ಭದ್ರತೆ, ಎರಡನ್ನೂ ಒಂದೇ ತೀರ್ಪಿನಲ್ಲಿ ಕೊಡುವ ಈ ಕ್ರಮವನ್ನು ಆಧುನಿಕ ಕಾಯಿದೆಗಳು ಬಹುಕಾಲ ಮರೆತಿದ್ದವು.

ಇಷ್ಟೆಲ್ಲ ಹೇಳಿದರೂ ಆ ಶಾಸ್ತ್ರದ ಮುಖ್ಯವಾದ ಕಲಂಕವನ್ನು ಮುಚ್ಚಿಡಲಾಗದು. ದಂಡದ ಮೊತ್ತವು ಬೈದವನ ಮತ್ತು ಬೈಸಿಕೊಂಡವನ ವರ್ಣಕ್ಕೆ ಅನುಗುಣವಾಗಿ ಏರುತ್ತದೆ, ಇಳಿಯುತ್ತದೆ. ಕೆಳಗಿನವನು ಮೇಲಿನವನನ್ನು ಬೈದರೆ ಘೋರಾಪರಾಧ; ಮೇಲಿನವನು ಬೈದರೆ ಅರ್ಧ ದಂಡ. ಪೀಡೆಯು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂಬ ಲೋಕಾನುಭವಕ್ಕೆ ಇದು ತೀರ ವಿರುದ್ಧವಾದುದು. ಈ ದೋಷದಿಂದ ಬಹುಮಟ್ಟಿಗೆ ಮುಕ್ತವಾಗಿ ಕಾಣುವುದು ನಮ್ಮ ಶಾಸನಗಳಲ್ಲಿ ಬರುವ ಊರ ಕಟ್ಟಳೆಗಳು. ಐದನೆಯ ವಿಕ್ರಮಾದಿತ್ಯನ ಕಾಲದ, ಗದಗಿನ ಬಳಿಯ ಕೋಟವುಮಚಗಿಯ 1012ರ ಶಾಸನದಲ್ಲಿ ಬೈದವನಿಗೆ, ಹೊಡೆದವನಿಗೆ, ಸುರಿಗೆ ಕಿತ್ತವನಿಗೆ, ಇರಿದವನಿಗೆ ಎಂದು ಕ್ರಮವಾಗಿ ಏರುವ ದಂಡಗಳನ್ನು ಹೇಳಿದೆ. ಬೈಗುಳವು ಇರಿತಕ್ಕೆ ಏರುವ ಏಣಿಯ ಮೊದಲ ಮೆಟ್ಟಿಲು ಎಂಬ ತಿಳಿವಳಿಕೆ ಈ ಕ್ರಮದಲ್ಲಿಯೇ ಅಡಗಿದೆ.

ಪ್ರಸಂಗವಶಾತ್ ಒಂದು ಮಾತು. ವಿಕ್ರಮಾದಿತ್ಯನ ಸಮಕಾಲೀನನಾಗಿ ಪಾಟಣದಲ್ಲಿ ಆಳಿದ ಸಿದ್ಧರಾಜ ಜಯಸಿಂಹನ ತಾಯಿ ಮಯಣಲ್ಲದೇವಿ, ಗುಜರಾತಿಗಳ ಬಾಯಲ್ಲಿ ಮೀನಳದೇವಿ, ಗೋವೆಯ ಕದಂಬ ಜಯಕೇಶಿಯ ಮಗಳು. ನಮ್ಮ ಕಡೆಯಿಂದ ಈ ನಾಡಿಗೆ ಬಂದವಳು. ಧೋಳಕಾದಲ್ಲಿ ಅವಳು ಕೆರೆ ಕಟ್ಟಿಸುವಾಗ ಒಬ್ಬ ವೇಶ್ಯೆಯ ಮನೆ ಅಡ್ಡಬಂದಿತಂತೆ. ಎಷ್ಟು ಹಣ ಕೊಟ್ಟರೂ ಆಕೆ ಮನೆಯನ್ನು ಮಾರಲೊಪ್ಪಲಿಲ್ಲ. ರಾಣಿಯು ಬಲಾತ್ಕಾರ ಮಾಡದೆ ಕೆರೆಯ ಅಂಚನ್ನೇ ಸೊಟ್ಟಗೆ ಬಿಡಿಸಿದಳಂತೆ. ನ್ಯಾಯ ನೋಡಬೇಕಾದರೆ ಮಲಾವಕ್ಕೆ ಹೋಗಿ ಎಂಬ ಗುಜರಾತಿ ಗಾದೆ ಇದರಿಂದ ಹುಟ್ಟಿತೆಂದು ಐತಿಹ್ಯ. ಅಹಮದಾಬಾದಿನಲ್ಲಿರುವ ನಮ್ಮವರು ಒಂದು ಭಾನುವಾರ ಹೋಗಿ ನೋಡಿಬರಬಹುದು.

ಈಗ ಗುಜರಾತಿನ ಮಧ್ಯೋತ್ತರಕಾಲದ ಒಂದು ಪದ್ಧತಿಗೆ ಬರೋಣ. ನನ್ನ ತಿಳಿವಳಿಕೆಯಲ್ಲಿ ಅಂತರ್ಜಾಲದ ಪೀಡೆಗೆ ಇದಕ್ಕಿಂತ ಸಮೀಪವಾದ ಪೂರ್ವರೂಪ ಮತ್ತೊಂದಿಲ್ಲ. ವಂಶಾವಳಿಯನ್ನು ಹೇಳುವ, ಹಾಡು ಕಟ್ಟುವ ಭಾಟರು ಇಲ್ಲಿ ರಾಜರಿಗೂ ವರ್ತಕರಿಗೂ ನಡುವಣ ಹೊಣೆಗಾರರಾಗಿ ನಿಲ್ಲುತ್ತಿದ್ದರು. ಅವರಿಗೆ ಸಲ್ಲಬೇಕಾದುದು ಸಲ್ಲದಿದ್ದರೆ ಅವರ ಕೈಯಲ್ಲಿ ಎರಡು ಆಯುಧಗಳಿದ್ದವು. ಮೊದಲನೆಯದು ತ್ರಾಗಾ: ಮಾತಿಗೆ ತಪ್ಪಿದವನ ಬಾಗಿಲಲ್ಲಿ ತನ್ನನ್ನೋ ತನ್ನ ಮನೆಯವರನ್ನೋ ಗಾಯಗೊಳಿಸಿಕೊಂಡು ಆ ಪಾಪವನ್ನು ಅವನ ತಲೆಗೆ ಕಟ್ಟುವುದು. ಎರಡನೆಯದು ಗೊಂಬೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಆಂಗ್ಲ ಅಧಿಕಾರಿಗಳ ಬರೆಹಗಳಲ್ಲಿ ಇದರ ವರ್ಣನೆ ಬರುತ್ತದೆ. ಗುರಿಯಾದವನ ಪ್ರತಿಕೃತಿಯನ್ನು ಉದ್ದನೆಯ ಗಳುವಿಗೆ ಕಟ್ಟಿ, ಅದಕ್ಕೆ ಪಾದರಕ್ಷೆಯೊಂದನ್ನು ತೂಗುಬಿಟ್ಟು, ಅವನ ಅಪಕೀರ್ತಿಯನ್ನು ಹಾಡಾಗಿ ಕಟ್ಟಿ, ಊರಿಂದೂರಿಗೆ ಹೊತ್ತು ತಿರುಗುವುದು. ಅವನೋ ಅವನ ಬಂಧುಗಳೋ ಹಣಕೊಟ್ಟು ನಿಲ್ಲಿಸುವವರೆಗೆ ಆ ಗೊಂಬೆಯ ಸಂಚಾರ ನಿಲ್ಲದು. ದೊರೆಗೂ ಅದನ್ನು ತಡೆಯುವ ಅಧಿಕಾರವಿಲ್ಲವೆಂದು ಜನ ನಂಬಿದ್ದರು.

ಇಲ್ಲಿ ಹಾಡಿನ ಮಾತು ನಿಜವೇ ಇರಬಹುದು. ಭಾಟನಿಗೆ ಬರಬೇಕಾದ ಹಣವೂ ನ್ಯಾಯವಾದುದೇ ಇರಬಹುದು. ಪೀಡೆಯು ಮಾತಿನಲ್ಲಿಲ್ಲ, ಚಿತ್ರ, ಸಂಚಾರ, ಪುನರಾವೃತ್ತಿ, ನೋಡಿ ನಗುವ ಜನಸಂದಣಿ, ಇವುಗಳ ಕೂಟದಲ್ಲಿದೆ.

ಆಂಗ್ಲ ಆಡಳಿತವು ಧರಣೆ, ತ್ರಾಗಾಗಳನ್ನು ಮೊದಲಿನಿಂದಲೂ ಅಂಜಿಕೆಯಿಂದ ಕಂಡಿತು. ಕಾಶಿಯ ಪ್ರಾಂತದಲ್ಲಿ 1795ರಲ್ಲಿಯೇ ಇದನ್ನು ನಿಷೇಧಿಸಿದ ನಿಬಂಧನೆಯುಂಟು. ಮೆಕಾಲೆಯ ಕರಡಿನಿಂದ ಬೆಳೆದು 1860ರಲ್ಲಿ ಅಂಗೀಕೃತವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತ ದಂಡಸಂಹಿತೆಯ 508ನೆಯ ಕಲಮು, ದೈವಕೋಪಕ್ಕೆ ಗುರಿಯಾಗುವೆಯೆಂದು ನಂಬಿಸಿ ಒಬ್ಬನಿಂದ ಕೆಲಸ ಮಾಡಿಸಿಕೊಳ್ಳುವುದನ್ನು ಶಿಕ್ಷಾರ್ಹವೆಂದಿತು. ಅದರ ಕೆಳಗಿನ ಎರಡು ದೃಷ್ಟಾಂತಗಳಲ್ಲಿ ಒಂದು ಬಾಗಿಲಲ್ಲಿ ಧರಣೆ ಕೂರುವುದು, ಇನ್ನೊಂದು ತನ್ನ ಮಗುವನ್ನೇ ಕೊಲ್ಲುವೆನೆಂದು ಹೆದರಿಸುವುದು. ತ್ರಾಗಾ ಎಂಬ ಹೆಸರಿಲ್ಲದಿದ್ದರೂ ವಸ್ತು ಅದೇ. ಅದರ ಹಿಂದಿನ 507ನೆಯ ಕಲಮು ಇನ್ನೂ ಸ್ವಾರಸ್ಯಕರ: ಹೆಸರು ಮರೆಸಿಕೊಂಡು ಬೆದರಿಸಿದವನಿಗೆ ಸಾಮಾನ್ಯ ಬೆದರಿಕೆಯ ಶಿಕ್ಷೆಯ ಮೇಲೆ ಎರಡು ವರ್ಷದವರೆಗೆ ಹೆಚ್ಚಿನ ಸೆರೆ. ಮೊಗವಿಲ್ಲದ ವೈರಿಯೇ ಹೆಚ್ಚು ಭಯಂಕರನೆಂಬುದನ್ನು ಅಂಚೆಯ ಕಾಗದದ ಕಾಲದಲ್ಲಿಯೇ ಕಾಯಿದೆಯು ಗುರುತಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಎರಡು ವಿಧಿಗಳು ಸಂಖ್ಯೆ ಬದಲಿಸಿಕೊಂಡು ಉಳಿದಿವೆ. ಆದರೆ ಗೊಂಬೆಯ ಸಂಚಾರಕ್ಕೆ ಮಾತ್ರ ಪ್ರತ್ಯೇಕವಾದ ಕಲಮು ಬರಲಿಲ್ಲ. ಅದು 499ನೆಯ ಮಾನಹಾನಿಯ ವಿಧಿಯೊಳಗೆ ಕರಗಿಹೋಯಿತು. ಅಲ್ಲಿ ಆಡಿದ್ದು ನಿಜವೇ, ಲೋಕಹಿತಕ್ಕೆ ಆಡಿದ್ದೇ ಎಂಬ ಪ್ರಶ್ನೆಗಳೇ ಮುಂದಾದವು. ನಮ್ಮ ಇಂದಿನ ತೊಡಕಿನ ಬೇರು ಇಲ್ಲಿದೆಯೆಂದು ನನಗೆ ತೋರುತ್ತದೆ.

ಹಾಗೆಂದು ಸತ್ಯಕ್ಕೆ ರಕ್ಷಣೆ ಬೇಡವೆಂದು ವಾದಿಸುವುದು ಅಪಾಯಕರ. ದಂಡಸಂಹಿತೆಯು ಜಾರಿಗೆ ಬಂದ ತಿಂಗಳಲ್ಲಿಯೇ, 1862ರ ಜನವರಿ 25ರಂದು, ಮುಂಬಯಿಯ ಅಂದಿನ ಸುಪ್ರೀಮ್ ಕೋರ್ಟಿನಲ್ಲಿ ವಿಚಾರಣೆ ಆರಂಭವಾದ ಮಹಾರಾಜ ಮಾನಹಾನಿ ಮೊಕದ್ದಮೆಯು ಇದಕ್ಕೆ ಸಾಕ್ಷಿ. ವಾದಿ ಸೂರತ್ತಿನ ವೈಷ್ಣವ ಆಚಾರ್ಯ ಜದುನಾಥಜಿ ಬ್ರಿಜರತನಜಿ ಮಹಾರಾಜರು. ಪ್ರತಿವಾದಿ ‘ಸತ್ಯಪ್ರಕಾಶ’ದ ಸಂಪಾದಕ ಕರಸನದಾಸ ಮೂಲಜಿ. ವಿಧವಾವಿವಾಹವನ್ನು ಕುರಿತು ಪ್ರಬಂಧ ಬರೆಯಹೊರಟ ಕಾರಣಕ್ಕೆ, ಸಾಕಿದವರ ಮನೆಯಿಂದ ತರುಣ ವಯಸ್ಸಿನಲ್ಲಿಯೇ ಹೊರಬಿದ್ದ ಧೀರರು ಇವರು. 1860ರ ಅಕ್ಟೋಬರ್ 21ರ ಸಂಚಿಕೆಯಲ್ಲಿ ಅವರು ಮಹಾರಾಜರ ನಡತೆಯನ್ನು ಹೆಸರೆತ್ತಿ ಖಂಡಿಸಿದರು. ಮಹಾರಾಜರು 50,000 ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿದರು.

ಈ ದಾವೆಗಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ಅದರೊಡನೆ ಹುಟ್ಟಿದ ಮತ್ತೊಂದು ಮೊಕದ್ದಮೆ. ಭಾಟಿಯಾ ಜಾತಿಯ ಮುಖಂಡರು ಸಭೆ ಸೇರಿ, ಮಹಾರಾಜರ ವಿರುದ್ಧ ಸಾಕ್ಷಿ ನುಡಿದವನನ್ನು ಜಾತಿಯಿಂದ ಹೊರಹಾಕಬೇಕೆಂದು ಕಟ್ಟು ಮಾಡಿದರು. ಕರಸನದಾಸರು ಸಂಚಿನ ಆರೋಪ ಹೊರಿಸಿದರು. 1861ರ ಕೊನೆಯಲ್ಲಿ ನ್ಯಾಯಾಧೀಶ ಸರ್ ಜೋಸೆಫ್ ಆರ್ನಾಲ್ಡರು ಮುಖಂಡರಿಗೆ ದಂಡ ವಿಧಿಸಿದರು. ಯಾರೊಬ್ಬರೂ ಒಂದು ಕೆಟ್ಟ ಮಾತನ್ನೂ ಆಡಿರಲಿಲ್ಲ. ಗುಂಪು ಒಬ್ಬೊಬ್ಬನ ಬಾಯನ್ನು ಕಟ್ಟುವ ಕ್ರಿಯೆಯನ್ನೇ ನ್ಯಾಯಾಲಯವು ಅಪರಾಧವೆಂದು ಎಣಿಸಿತು. ಈ ತೀರ್ಪು ಇಲ್ಲದಿದ್ದಲ್ಲಿ ಮುಖ್ಯ ಮೊಕದ್ದಮೆಯಲ್ಲಿ ಸತ್ಯವನ್ನು ಸ್ಥಾಪಿಸಲು ಸಾಕ್ಷಿಗಳೇ ದೊರೆಯುತ್ತಿದ್ದರೋ ಇಲ್ಲವೋ. 1862ರ ಏಪ್ರಿಲ್ 22ರಂದು ಬಂದ ತೀರ್ಪು ಮುಖ್ಯಾಂಶದಲ್ಲಿ ಕರಸನದಾಸರ ಪರವಾಗಿತ್ತು. ಖರ್ಚಿನ ಬಾಬ್ತು 11,500 ರೂಪಾಯಿ ಅವರಿಗೆ ದೊರೆಯಿತು. ಈ ಕಥೆಯನ್ನು ಆಧರಿಸಿದ ಚಲನಚಿತ್ರಕ್ಕೆ 2024ರ ಜೂನಿನಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟು, ಚಿತ್ರವನ್ನು ನೋಡಿದ ಬಳಿಕ ಅದನ್ನು ತೆರವು ಮಾಡಿದ್ದು ವಾಚಕರಿಗೆ ನೆನಪಿರಬಹುದು. 162 ವರ್ಷದ ಹಿಂದಿನ ವ್ಯಾಜ್ಯವು ಸೋಲಾದ ನ್ಯಾಯಮಂದಿರದಲ್ಲಿ ಮತ್ತೆ ಬಾಗಿಲು ತಟ್ಟಿತು!

ಗುಂಪಿನ ಪೀಡೆಯನ್ನೇ ನೇರವಾಗಿ ಹಿಡಿದ ಕಾಯಿದೆಗಳು ಮುಂದೆ ಬಂದವು. ಸಯಾಜಿರಾವ್ ಗಾಯಕವಾಡರ ಬಡೋದೆಯಲ್ಲಿ 1933ರಲ್ಲಿ ಜ್ಞಾತಿತ್ರಾಸ ನಿವಾರಣೆಯ ನಿಬಂಧವೇ ಹೊರಟಿತು. ‘ತ್ರಾಸ’ ಎಂಬ ಶಬ್ದದ ಔಚಿತ್ಯವನ್ನು ಮೆಚ್ಚಬೇಕು. ಮುಂಬಯಿ ಸರ್ಕಾರವು 1949ರಲ್ಲಿ ಬಹಿಷ್ಕಾರ ನಿಷೇಧದ ಕಾಯಿದೆಯನ್ನು ತಂದಿತು; ದಾವೂದಿ ಬೊಹರಾ ಧರ್ಮಗುರುಗಳ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಅದನ್ನು ಅಸಿಂಧುವೆಂದಿತು.

ಇನ್ನು ನಮ್ಮ ಕಾಲದ ವಿಚಾರ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿ, 2009ರ ಅಕ್ಟೋಬರ್ 27ರಿಂದ ಜಾರಿಯಾದ 66ಎ ಕಲಮು ಅಂತರ್ಜಾಲದ ಪೀಡೆಗೆ ರಾಮಬಾಣವೆಂಬಂತೆ ಬಂದಿತು. ಅಸಮಾಧಾನ, ಅನನುಕೂಲ, ಅವಮಾನ ಉಂಟುಮಾಡುವ ಸಂದೇಶಗಳೆಲ್ಲ ಅದರ ಬಲೆಗೆ ಬಿದ್ದವು. ಅನನುಕೂಲವನ್ನು ಅಳೆಯುವವರು ಯಾರು? 2012ರ ನವೆಂಬರಿನಲ್ಲಿ ಮುಂಬಯಿಯ ಬಂದನ್ನು ಕುರಿತು ಒಂದು ಸಾಲು ಬರೆದ ಪಾಲಘರದ ತರುಣಿಯೂ, ಅದನ್ನು ಮೆಚ್ಚಿದ ಆಕೆಯ ಗೆಳತಿಯೂ ಬಂಧನಕ್ಕೊಳಗಾದರು. ಪೀಡಿತರಿಗೆಂದು ಮಾಡಿದ ಕತ್ತಿಯನ್ನು ಗುಂಪೇ ಹಿಡಿದುಕೊಂಡಿತು. ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ 2015ರ ಮಾರ್ಚ್ 24ರಂದು ನ್ಯಾಯಮೂರ್ತಿ ಚೆಲಮೇಶ್ವರ ಮತ್ತು ನಾರಿಮನ್ ಅವರ ಪೀಠವು ಆ ಕಲಮನ್ನು ಸಂಪೂರ್ಣವಾಗಿ ತೆಗೆದುಹಾಕಿತು. ಕೇರಳದ ಪೊಲೀಸ್ ಕಾಯಿದೆಯ 118(ಡಿ) ಉಪವಿಧಿಯೂ ಅದರೊಡನೆ ಹೋಯಿತು. ಕೇರಳ ಸರ್ಕಾರವು 2020ರ ನವೆಂಬರಿನಲ್ಲಿ 118ಎ ಎಂಬ ಹೊಸ ವಿಧಿಯನ್ನು ಆಜ್ಞಾಪತ್ರದ ಮೂಲಕ ತಂದು, ಪ್ರತಿಭಟನೆಗೆ ಮಣಿದು ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಕಾಸರಗೋಡಿನ ನಮ್ಮ ಬಾಂಧವರ ಮೇಲೆ ಆ ಕತ್ತಿ ತೂಗಿದ್ದು ಅಷ್ಟೇ ಕಾಲ.

ಈ ತೀರ್ಪು ಸರಿಯೆಂದೇ ನನ್ನ ಮತ. ಕೇಳುವವನ ಮನಸ್ಸಿಗೆ ಆದ ನೋವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಬಲ್ಲಿದನ ನೋವೇ ಯಾವಾಗಲೂ ಹೆಚ್ಚು ತೂಗುತ್ತದೆ. ಸ್ಮೃತಿಕಾರರ ವರ್ಣಭೇದದ ದಂಡಕ್ಕೆ ಅದು ಹಿಂಬಾಗಿಲು. ಅಳೆಯಬೇಕಾದುದು ಕೃತ್ಯವನ್ನು: ಬೆನ್ನುಹತ್ತುವುದು, ಹೆಸರು ಮರೆಸಿ ಬೆದರಿಸುವುದು, ಚಿತ್ರವನ್ನು ತಿದ್ದಿ ಹರಡುವುದು. 2013ರಲ್ಲಿ ದಂಡಸಂಹಿತೆಗೆ ಸೇರಿದ 354ಡಿ ಕಲಮು, ಬೇಡವೆಂದರೂ ಸ್ತ್ರೀಯನ್ನು ಅಂತರ್ಜಾಲದಲ್ಲಿ ಹಿಂಬಾಲಿಸುವುದನ್ನು ಹೆಸರಿಸಿ ಅಪರಾಧವೆಂದಿದ್ದು ಈ ದಾರಿಯಲ್ಲಿ ಒಳ್ಳೆಯ ಹೆಜ್ಜೆ. 2021ರ ನಿಯಮಗಳು, ನಗ್ನಚಿತ್ರಗಳನ್ನೂ ಅನ್ಯರಂತೆ ನಟಿಸಿ ಅಥವಾ ತಿದ್ದಿ ಮಾಡಿದ ಚಿತ್ರಗಳನ್ನೂ ಕುರಿತು ದೂರು ಬಂದ 24 ಗಂಟೆಗಳೊಳಗೆ ತೆಗೆಯಬೇಕೆಂದು ಜಾಲದ ಸಂಸ್ಥೆಗಳಿಗೆ ವಿಧಿಸಿದವು. ನ್ಯೂಜಿಲೆಂಡು 2015ರ ತನ್ನ ಕಾಯಿದೆಯಲ್ಲಿ ಮೊದಲು ಸಂಧಾನದ ಸಂಸ್ಥೆ, ಅದು ಫಲಿಸದಿದ್ದರೆ ನ್ಯಾಯಾಲಯ ಎಂಬ ಎರಡು ಮೆಟ್ಟಿಲನ್ನು ಇಟ್ಟಿತು. ಪೀಡಿತನಿಗೆ ಬೇಕಾದುದು ಬಹುವೇಳೆ ಪೀಡಕನ ಸೆರೆವಾಸವಲ್ಲ, ಮೆರವಣಿಗೆಯ ನಿಲುಗಡೆ.

ವೃತ್ತಿಯ ಕಾರಣದಿಂದ ಈ ಮಾತಿನ ಅರ್ಥವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸೂರತ್ತಿನ ಜರಿಯ ಕೆಲಸಗಾರರೊಬ್ಬರು ಕೈಫೋನಿನ ಮೂಲಕ ಸಾಲ ಕೊಡುವ ಒಂದು ಸಂಸ್ಥೆಯಿಂದ ಕೆಲವೇ ಸಾವಿರ ರೂಪಾಯಿ ಪಡೆದಿದ್ದರು. ಕಂತು ತಪ್ಪಿದ ವಾರದಲ್ಲಿ ಅವರ ಭಾವಚಿತ್ರಕ್ಕೆ ‘ಕಳ್ಳ’ ಎಂಬ ಪಟ್ಟಿ ಕಟ್ಟಿ, ಅವರ ಫೋನಿನಲ್ಲಿದ್ದ ಎಲ್ಲ ಹೆಸರುಗಳಿಗೂ, ಮಗಳ ಶಾಲೆಯ ಉಪಾಧ್ಯಾಯಿನಿಗೂ ಕಳುಹಿಸಲಾಯಿತು. ಅವರು ಬ್ಯಾಂಕಿಗೆ ಬಂದದ್ದು ಸಾಲ ಕೇಳಲೆಂದಲ್ಲ, ಹಣ ಕಟ್ಟಿಯಾಗಿತ್ತು. ‘ಸಾಹೇಬರೇ, ಹೋದ ಚಿತ್ರವನ್ನು ವಾಪಸು ತರಿಸಲು ಅರ್ಜಿ ಯಾರಿಗೆ ಬರೆಯಬೇಕು?’ ಎಂಬುದು ಅವರ ಪ್ರಶ್ನೆ. ಭಾಟನ ಗೊಂಬೆಯು ಹಣ ಸಂದ ದಿನ ಗಳುವಿನಿಂದ ಕೆಳಗಿಳಿಯುತ್ತಿತ್ತು. ಈ ಗೊಂಬೆ ಇಳಿಯದು.

ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್ 2ರಂದು ಹೊರಡಿಸಿದ ನಿರ್ದೇಶನಗಳಲ್ಲಿ, ಸಾಲ ಕೊಡುವ ಇಂಥ ಸಾಧನಗಳು ಸಾಲಗಾರನ ಫೋನಿನ ಹೆಸರುಪಟ್ಟಿಯನ್ನೂ ಚಿತ್ರಗಳನ್ನೂ ಮುಟ್ಟಕೂಡದೆಂದು ವಿಧಿಸಿತು. ಗಳುವನ್ನೇ ಕಿತ್ತುಕೊಳ್ಳುವ ಈ ಉಪಾಯವು ಶಿಕ್ಷೆಗಿಂತ ಮೇಲು. ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ, ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರ ಮಾಡುವುದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತಂದಿತು. ಆದರೆ ಹೋದ ಚಿತ್ರದ ಪ್ರಶ್ನೆ ಹಾಗೆಯೇ ಉಳಿಯಿತು.

ಅದನ್ನು ನಮ್ಮ ಎರಡು ನಾಡುಗಳ ಉಚ್ಚ ನ್ಯಾಯಾಲಯಗಳು 2017ರ ಜನವರಿ ತಿಂಗಳೊಂದರಲ್ಲಿಯೇ, ಒಂದನ್ನೊಂದು ಅರಿಯದಂತೆ, ಎದುರಿಸಿದವು. ಅಪರಾಧದಿಂದ ಬಿಡುಗಡೆಯಾದ ಒಬ್ಬರು ತಮ್ಮ ಮೊಕದ್ದಮೆಯ ತೀರ್ಪು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತಿರುವುದನ್ನು ತಡೆಯಬೇಕೆಂದು ಅಹಮದಾಬಾದಿನಲ್ಲಿ ಕೇಳಿದರು. ಯಾವ ಕಾನೂನೂ ಉಲ್ಲಂಘಿತವಾಗಿಲ್ಲವೆಂದು ಗುಜರಾತಿನ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಮಗಳ ಹೆಸರು ಹಳೆಯ ಆಜ್ಞೆಯೊಂದರ ಮೂಲಕ ಶೋಧಕ್ಕೆ ಸಿಗುತ್ತಿದೆಯೆಂದು ತಂದೆಯೊಬ್ಬರು ಕರ್ನಾಟಕದಲ್ಲಿ ಮೊರೆಯಿಟ್ಟರು. ಅಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು, ಸ್ತ್ರೀಯರ ಮಾನಕ್ಕೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಲ್ಲಿ ಮರೆಯಿಸಿಕೊಳ್ಳುವ ಹಕ್ಕನ್ನು ಮನ್ನಿಸಿ, ಆ ಹೆಸರು ಶೋಧದಲ್ಲಿ ತೋರದಂತೆ ನೋಡಿಕೊಳ್ಳಲು ಕಚೇರಿಗೆ ಆಜ್ಞಾಪಿಸಿದರು. ಅದೇ ವರ್ಷದ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಅಳಿಸಿಹಾಕಿಸುವ ಹಕ್ಕನ್ನು ಬರೆದಿಟ್ಟಿತು. ಆ ಹಕ್ಕು ದತ್ತಾಂಶವನ್ನು ಕೂಡಿಡುವ ಸಂಸ್ಥೆಗಳ ವಿರುದ್ಧ ಮಾತ್ರ. ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಬಳಕೆಗಾಗಿ ಇಟ್ಟುಕೊಂಡದ್ದಕ್ಕೆ ಅದು ಅನ್ವಯಿಸದು. ಉಪಾಧ್ಯಾಯಿನಿಯ ಫೋನಿನಲ್ಲಿ ಉಳಿದಿರುವ ಜರಿ ಕೆಲಸಗಾರರ ಚಿತ್ರವು ಆ ಎರಡನೆಯ ವರ್ಗಕ್ಕೆ ಸೇರುತ್ತದೆ.